‘ಏನೂ ಮಾಡಲ್ಲ, ಹೆದರಬೇಡಿ’

ಪುಟ್ಟಿ,

ನೀನು ಕಳಿಸಿದ ವಿಡಿಯೊ ನಾಲ್ಕು ಸಲ ನೋಡಿದೆ. ಮೊದಲ ಸಲ ಕೆಂಪಿ ಓಡುವುದನ್ನು ನೋಡಿ ನನ್ನ ಮಂಡಿನೋವೇ ಮರೆತುಹೋಯಿತು. ಏನು ಓಟ ಅದು! ನಾಲ್ಕು ಕಾಲೂ ನೆಲ ಬಿಟ್ಟಿವೆ, ಬೆನ್ನು ಬಿಲ್ಲಿನ ಹಾಗೆ ಬಾಗಿ ಬಾಗಿ ಬಿಚ್ಚಿಕೊಳ್ಳುತ್ತಿದೆ. ಆಮೇಲೆ ನೀನು ‘ಕೆಂಪೀ’ ಎಂದು ಕೂಗಿದೆ, ಅವಳು ಸರ್ರನೆ ತಿರುಗಿ ಬಂದಳು, ನಿನ್ನ ನಗು ಕೇಳಿಸಿತು. ಕೆಳಗೆ ಬರೆದಿದ್ದೆ: ‘ನೋಡಿ ದೊಡ್ಡಪ್ಪ, ಲೀಷ್ ಇಲ್ಲದೇನೂ ಬರ್ತಾಳೆ.’

ಎರಡನೇ ಸಲ ನೋಡುವಾಗ ಮೂಲೆಯಲ್ಲಿ ಏನೋ ಅಲುಗಿದ ಹಾಗಾಯಿತು. ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹನ್ನೊಂದನೇ ಸೆಕೆಂಡಿನಲ್ಲಿ, ಪಾರ್ಕಿನ ಗೇಟಿನ ಪಕ್ಕ ಕಸ ಗುಡಿಸುತ್ತಿದ್ದ ಪೌರಕಾರ್ಮಿಕ ಹೆಂಗಸು ಪೊರಕೆಯನ್ನು ಎದೆಗೆ ಅಡ್ಡ ಹಿಡಿದು, ಕಾಂಪೌಂಡಿಗೆ ಬೆನ್ನು ಒತ್ತಿ ನಿಂತುಬಿಟ್ಟಿದ್ದಾರೆ. ಕೆಂಪಿ ಆಯಮ್ಮನ ಕಡೆ ತಿರುಗಿಯೂ ನೋಡಿಲ್ಲ, ಅದು ನಿಜ. ಆದರೆ ಕೆಂಪಿ ಬಂದು ನಿನ್ನ ಕಾಲ ಬಳಿ ಕೂತ ಮೇಲೂ ಆ ಪೊರಕೆ ಕೆಳಗಿಳಿದಿಲ್ಲ. ನಾಲ್ಕನೇ ಸಲ ನಾನು ನೋಡಿದ್ದು ಆಯಮ್ಮನನ್ನು ಮಾತ್ರ.

ನೀನು ಗಮನಿಸಿರಲಿಕ್ಕಿಲ್ಲ. ನಾನೂ ಒಂದು ಕಾಲದಲ್ಲಿ ಗಮನಿಸಿರಲಿಲ್ಲ. ಆ ಕಥೆ ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ, ನಿನಗೆ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಮೈಸೂರಿನ ಮನೆಯಲ್ಲಿ ಗುಂಡ ಇದ್ದದ್ದು ನಿನಗೆ ನೆನಪಿರಬೇಕು. ಕಪ್ಪು ಲ್ಯಾಬ್ರಡಾರ್, ಹೆಸರಿಗೆ ತಕ್ಕ ಹೊಟ್ಟೆ. ನೀನು ಚಿಕ್ಕವಳಿದ್ದಾಗ ಅವನ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಮೂವತ್ತು ವರ್ಷ ದನದ ಡಾಕ್ಟ್ರು ಅನ್ನಿಸಿಕೊಂಡವನು ನಾನು. ಹೆಬ್ಬಾಳದಲ್ಲಿ ಓದಿದ್ದೇನೆ, ಸಾವಿರ ನಾಯಿಗಳಿಗೆ ಸೂಜಿ ಚುಚ್ಚಿದ್ದೇನೆ, ನನ್ನ ನಾಯಿಗೆ ಹಗ್ಗ ಯಾಕೆ ಎಂಬ ಗರ್ವ. ಬೆಳಿಗ್ಗೆ ಆರಕ್ಕೆ ಹೊರಟರೆ ಗುಂಡ ಮುಂದೆ, ನಾನು ಹಿಂದೆ, ಲೀಷ್ ನನ್ನ ಹೆಗಲ ಮೇಲೆ ಶಲ್ಯದ ಹಾಗೆ.

ನಮ್ಮ ಬೀದಿಗೆ ಒಬ್ಬರು ಹೂವಿನ ಅಜ್ಜಿ ಬರುತ್ತಿದ್ದರು. ಬುಟ್ಟಿಯ ಮೇಲೆ ಒದ್ದೆ ಬಾಳೆಎಲೆ, ಅದರಡಿ ಮಲ್ಲಿಗೆ. ಅವತ್ತು ಗುಂಡ ಅವರ ಕಡೆ ಬಾಲ ಆಡಿಸಿಕೊಂಡು ಓಡಿದ. ಬುಟ್ಟಿಯಲ್ಲಿ ಬನ್ನೋ ಏನೋ ಇತ್ತು ಅಂತ ಕಾಣುತ್ತದೆ. ನಾನು ಇಪ್ಪತ್ತು ಮಾರು ಹಿಂದಿನಿಂದ ಕೂಗಿದೆ: ‘ಏನೂ ಮಾಡಲ್ಲ ಅಜ್ಜಿ, ಹೆದರಬೇಡಿ.’ ಅಜ್ಜಿ ಎರಡು ಹೆಜ್ಜೆ ಹಿಂದಿಟ್ಟರು. ಮೂರನೇ ಹೆಜ್ಜೆಗೆ ಚರಂಡಿಯ ಚಪ್ಪಡಿ ಕಲ್ಲಿನ ಅಂಚು. ಕೈಯೂರಿ ಬಿದ್ದರು. ಗುಂಡ ನಿಜಕ್ಕೂ ಏನೂ ಮಾಡಲಿಲ್ಲ. ಬಿದ್ದವರ ಮುಖ ನೆಕ್ಕಲು ಹೋದ, ಅಷ್ಟೇ. ಅಜ್ಜಿ ಕಿರುಚಿದ ಕಿರುಚು ಮಾತ್ರ ನನಗೆ ಇವತ್ತಿಗೂ ಕೇಳಿಸುತ್ತದೆ.

ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಒಂದೂವರೆ ತಿಂಗಳ ವ್ಯಾಪಾರವನ್ನೂ ಲೆಕ್ಕ ಹಾಕಿ ಕೊಟ್ಟೆ. ಆದರೆ ಹೂ ಕಟ್ಟುವುದು ಬೆರಳಿನ ಕೆಲಸ ಪುಟ್ಟಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರ ಹೆಬ್ಬೆರಳು ಮೊದಲಿನ ಹಾಗೆ ಬಾಗಲಿಲ್ಲ. ನೋಡಲು ಹೋದಾಗ ಹೊಸ್ತಿಲಲ್ಲಿ ಮೊಮ್ಮಗಳು ಕೂತು ಕಟ್ಟುತ್ತಿದ್ದಳು, ಅಜ್ಜಿ ಮೊಳ ಹಾಕಿ ಅಳೆಯುತ್ತಿದ್ದರು. ನನ್ನನ್ನು ಬೈಯಲಿಲ್ಲ. ಸೆರಗು ಸ್ವಲ್ಪ ಸರಿಸಿ ಹೊಟ್ಟೆ ತೋರಿಸಿ, ‘ಇಲ್ಲೆಲ್ಲ ಚುಚ್ಚಿದ್ರು ಸ್ವಾಮಿ, ಏಳು ವರ್ಷದವಳಿದ್ದೆ’ ಎಂದರು. ಹುಚ್ಚುನಾಯಿ ಕಚ್ಚಿ, ಎತ್ತಿನ ಗಾಡಿಯಲ್ಲಿ ಹದಿನಾಲ್ಕು ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದವರು. ಆ ಲಸಿಕೆ ಕುರಿಯ ಮಿದುಳಿನಿಂದ ಮಾಡುತ್ತಿದ್ದದ್ದು, ಹೊಕ್ಕುಳ ಸುತ್ತ ದಿನಾ ಒಂದು. ನಮ್ಮ ದೇಶದಲ್ಲಿ ಅದು ನಿಂತದ್ದೇ ಈ ಶತಮಾನ ಹುಟ್ಟಿದ ಮೇಲೆ. ಈಗ ತೋಳಿಗೆ ನಾಲ್ಕೈದು ಸಲ ಚುಚ್ಚಿದರೆ ಮುಗಿಯಿತು, ನಿನ್ನ ವಯಸ್ಸಿನವರಿಗೆ ಆ ಹೊಟ್ಟೆಯ ಸೂಜಿ ಅಜ್ಜಿಕಥೆ. ಅವರಿಗಲ್ಲ. ಗುಂಡ ಬಾಲ ಆಡಿಸಿಕೊಂಡು ಓಡಿ ಬಂದದ್ದು ಏಳು ವರ್ಷದ ಆ ಹುಡುಗಿಯ ಮೇಲೆ.

ಅಜ್ಜಿ ಮತ್ತೆ ವ್ಯಾಪಾರಕ್ಕೆ ಇಳಿದರು. ನಮ್ಮ ಬೀದಿಗೆ ಮಾತ್ರ ಬರಲಿಲ್ಲ. ನಿಮ್ಮ ದೊಡ್ಡಮ್ಮ ಹೂವಿಗೆ ಎರಡು ಬೀದಿ ಆಚೆ ಹೋಗುತ್ತಿದ್ದದ್ದು ಯಾಕೆ ಅಂತ ನೀನು ಒಮ್ಮೆ ಕೇಳಿದ್ದೆ.

ನಾಯಿ ಸಾಕುವವರ ಬಾಯಲ್ಲಿ ಸುಪ್ರಭಾತದ ಹಾಗೆ ಬರುವ ಮಾತು ಇದು: ‘ಏನೂ ಮಾಡಲ್ಲ.’ ಸುಳ್ಳು ಹೇಳುತ್ತಾರೆ ಎನ್ನುತ್ತಿಲ್ಲ. ನಿನಗೆ ಕೆಂಪಿಯ ಕಿವಿ, ಬಾಲ, ಗಂಟಲಿನ ಸದ್ದು ಎಲ್ಲ ಗೊತ್ತು. ಎದುರಿಗೆ ಬರುವವರಿಗೆ ಏನು ಗೊತ್ತು? ಉದ್ದ ಮೂತಿ, ಬಿಳಿ ಹಲ್ಲು, ಬರುತ್ತಿರುವ ವೇಗ, ಇಷ್ಟೇ. ನಿನಗೆ ವರ್ಷದ ಪರಿಚಯ, ಅವರಿಗೆ ಎರಡು ಸೆಕೆಂಡಿನ ಪರಿಚಯ. ಆ ಎರಡು ಸೆಕೆಂಡಿನಲ್ಲಿ ನಮ್ಮ ಮಾತನ್ನು ನಂಬಿ ಎಂದು ಕೇಳುವ ಹಕ್ಕು ನಮಗೆ ಎಲ್ಲಿಂದ ಬಂತು? ಹಗ್ಗ ಕಂಡರೆ ಅವರು ನಿನ್ನನ್ನು ನಂಬಬೇಕಾಗಿಯೇ ಇಲ್ಲ, ನೋಡಿ ನಡೆದು ಹೋಗುತ್ತಾರೆ. ಲೀಷ್ ಹಾಕಿದರೆ ಕೆಂಪಿಗೆ ಅವಮಾನ ಅಂತ ಫೋನಿನಲ್ಲಿ ಅಂದಿದ್ದೆಯಲ್ಲ, ಅದಕ್ಕೆ ನನಗೆ ನಗು ಬಂತು. ಮಾನ ಅವಮಾನ ನಮ್ಮ ರೋಗ, ಅವಳದ್ದಲ್ಲ. ಲೀಷ್ ತೆಗೆದುಕೊಂಡರೆ ಅವಳು ಬಾಗಿಲ ಹತ್ತಿರ ಕುಣಿಯುತ್ತಾಳೆ ಎಂದು ನೀನೇ ಹೇಳಿದ್ದು.

ನೀನು ಕೇಳಬಹುದು, ನಿಮ್ಮ ಕಾಲದಲ್ಲಿ ಊರಲ್ಲಿ ಯಾವ ನಾಯಿಗೆ ಹಗ್ಗ ಇತ್ತು ದೊಡ್ಡಪ್ಪ ಅಂತ. ಇರಲಿಲ್ಲ. ನಮ್ಮ ಮನೆಯ ಕರಿಯ ಹಗಲಿಡೀ ಜಗಲಿ ಮೇಲೆ, ರಾತ್ರಿ ಕಣದಲ್ಲಿ. ಆದರೆ ಅವನು ಯಾರ ಮನೆಯವನು, ಯಾರಿಗೆ ಗುರ್ ಎನ್ನುತ್ತಾನೆ, ಯಾವ ಹುಡುಗರು ಅವನಿಗೆ ಕಲ್ಲು ಹೊಡೆಯುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಹೊಸಬರು ಬಂದರೆ ದೂರದಿಂದಲೇ ‘ನಾಯಿ ಹಿಡ್ಕೊಳ್ರಪ್ಪಾ’ ಎಂದು ಕೂಗಿ ನಿಲ್ಲುತ್ತಿದ್ದರು, ಮನೆಯವರು ಬಂದು ಹಿಡಿಯುತ್ತಿದ್ದರು. ಅದೂ ಒಂದು ಹಗ್ಗವೇ. ನಿನ್ನ ಅಪಾರ್ಟ್‌ಮೆಂಟಿನ ಎದುರು ರಸ್ತೆಯಲ್ಲಿ ಹಾಗೆ ಕೂಗಿ ನಿಲ್ಲುವವರು ಯಾರು, ಬಂದು ಹಿಡಿಯುವವರು ಯಾರು? ಇನ್ನೊಂದು ಮಾತು, ನಾವು ಹಳೇಕಾಲ ಹೊಗಳುವವರು ಲೆಕ್ಕ ಬಿಟ್ಟುಬಿಡುತ್ತೇವೆ. ಕರಿಯ ಸತ್ತದ್ದು ಬಸ್ಸಿನ ಚಕ್ರಕ್ಕೆ. ಅವನಿಗಿಂತ ಮುಂಚಿನ ನಾಯಿಗೆ ಹುಚ್ಚು ಹಿಡಿದು ಊರವರೇ ಹೊಡೆದು ಹೂತರು. ಮುದಿಯಾಗಿ ಸತ್ತ ನಾಯಿಯನ್ನು ನನ್ನ ಬಾಲ್ಯದಲ್ಲಿ ನಾನು ನೋಡಿದ ನೆನಪಿಲ್ಲ.

ಇನ್ನು ಕೆಂಪಿಯ ವಿಚಾರ. ಅವಳು ಮುಧೋಳ ಬೇಟೆನಾಯಿ ತಳಿಯವಳು ಎನ್ನುವುದನ್ನು ನೀನು ಫೋಟೊ ಹಾಕುವಾಗ ನೆನಪಿಟ್ಟುಕೊಳ್ಳುತ್ತೀಯ, ಪಾರ್ಕಿಗೆ ಹೋಗುವಾಗ ಮರೆಯುತ್ತೀಯ. ಬಾಗಲಕೋಟೆ ಕಡೆ ಮೂರು ವರ್ಷ ಕೆಲಸ ಮಾಡಿದವನು ನಾನು. 2005ರಲ್ಲಿ ಈ ತಳಿಯ ಅಂಚೆಚೀಟಿ ಬಂದಾಗ ಊರವರು ಹಬ್ಬ ಮಾಡಿದ ಹಾಗೆ ಖುಷಿಪಟ್ಟಿದ್ದರು. ಈಗ ಅಲ್ಲೇ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಲ್ಯಾಬ್ರಡಾರ್ ಮೂಗಿನಲ್ಲಿ ಬದುಕುತ್ತದೆ, ಮುಧೋಳ ಕಣ್ಣಿನಲ್ಲಿ. ಆ ಕಡೆಯ ಒಬ್ಬ ಮುದುಕ, ಮೊಲದ ಬೇಟೆ ಕಾನೂನಿನಲ್ಲಿ ಅಪರಾಧ ಆಗುವುದಕ್ಕೆ ಮುಂಚೆ ಬೇಟೆಯಾಡಿದವನು, ನನಗೆ ಹೇಳಿದ್ದ: ‘ಓಡೂ ಹೊತ್ತಿನ್ಯಾಗ ಇದಕ್ಕ ಕಿವಿ ಇರಂಗಿಲ್ರಿ ಸಾಹೇಬ್ರ, ಬರೇ ಕಣ್ಣು.’ ಹೆಬ್ಬಾಳದಲ್ಲಿ ನಾಲ್ಕು ವರ್ಷದ ಪಾಠ ಕಲಿಸದ್ದನ್ನು ಅವನು ಒಂದು ಉಸಿರಲ್ಲಿ ಹೇಳಿಬಿಟ್ಟ. ಎರೆ ಹೊಲದಲ್ಲಿ ಅವರೂ ನಾಯಿಯನ್ನು ಹಗ್ಗದಲ್ಲೇ ಹಿಡಿದು ನಡೆಯುತ್ತಿದ್ದರಂತೆ, ಮೊಲ ಎದ್ದ ಮೇಲಷ್ಟೇ ಬಿಡುವುದು. ಎರಡು ಹರದಾರಿ ಸುತ್ತ ಒಂದು ಗಾಡಿ ಇಲ್ಲದ ಜಾಗ ಅದು.

ಚೆನ್ನಾಗಿ ಬೆಳೆದ ಮುಧೋಳ ಗಂಟೆಗೆ ಐವತ್ತು ಕಿಲೋಮೀಟರ್ ಮುಟ್ಟೀತು. ಅಂದರೆ ಸೆಕೆಂಡಿಗೆ ಹದಿನಾಲ್ಕು ಮೀಟರ್. ನಿಮ್ಮ ಪಾರ್ಕಿನ ಮುಂದಿನ ಅರವತ್ತಡಿ ರಸ್ತೆ ದಾಟಲು ಕೆಂಪಿಗೆ ಒಂದೂವರೆ ಸೆಕೆಂಡೂ ಬೇಡ. ನೀನು ‘ಕೆಂ’ ಎನ್ನುವಷ್ಟರಲ್ಲಿ ಅವಳು ರಸ್ತೆ ಮಧ್ಯದಲ್ಲಿರುತ್ತಾಳೆ. ಅವತ್ತು ಕರೆದಾಗ ಬಂದಳಲ್ಲ ಎನ್ನುತ್ತೀಯ. ಬಂದಳು, ಯಾಕೆಂದರೆ ಅವಳೆದುರು ಓಡುವಂಥದ್ದು ಏನೂ ಇರಲಿಲ್ಲ. ಕಾಂಪೌಂಡಿನ ಮೇಲಿಂದ ಒಂದು ಬೆಕ್ಕು ಹಾರಿದ್ದರೆ? ಅಳಿಲು ಇಳಿದಿದ್ದರೆ? ಸ್ಕೂಟಿಯ ಹಿಂದೆ ದುಪಟ್ಟಾ ಹಾರಾಡಿದ್ದರೆ? ದೀಪಾವಳಿಯ ಒಂದು ಪಟಾಕಿ ಸಿಡಿದಿದ್ದರೆ? ಪ್ರತಿ ವರ್ಷ ದೀಪಾವಳಿ ಮಾರನೆಯ ದಿನ ‘ನಾಯಿ ಕಳೆದಿದೆ’ ಎಂದು ಫೋಟೊ ಹಿಡಿದು ಬರುವವರನ್ನು ನಾನು ಸರ್ವಿಸಿನಲ್ಲಿ ನೋಡಿದ್ದೇನೆ. ಎಲ್ಲರದ್ದೂ ಒಂದೇ ಮಾತು, ‘ಯಾವತ್ತೂ ಹೀಗೆ ಮಾಡಿರಲಿಲ್ಲ.’

ಬೀದಿನಾಯಿಗಳ ಮಾತೂ ಬರಬೇಕು. ನಿಮ್ಮ ಲೇಔಟಿನ ಮೂರನೇ ಅಡ್ಡರಸ್ತೆಯ ನಾಯಿಗಳಿಗೆ ಅವು ಹುಟ್ಟಿದ ಜಾಗ ಅದು. ಹಗ್ಗದಲ್ಲಿ ನಿನ್ನ ಪಕ್ಕ ನಡೆದು ಹೋಗುವ ನಾಯಿಗೆ ಅವು ನಾಲ್ಕು ಬೊಗಳು ಬೊಗಳಿ ಕಳಿಸುತ್ತವೆ. ಒಂಟಿಯಾಗಿ ನುಗ್ಗಿದ್ದನ್ನು ಬಿಡುವುದಿಲ್ಲ. ಮುಧೋಳದ ಚರ್ಮ ಎಷ್ಟು ತೆಳು ಎಂದರೆ ಹಲ್ಲು ತಾಗಿದರೆ ಬಟ್ಟೆ ಹರಿದ ಹಾಗೆ ಹರಿಯುತ್ತದೆ, ಹೊಲಿಗೆ ಹಾಕಿ ಹಾಕಿ ನನಗೆ ಗೊತ್ತು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಬೀದಿನಾಯಿಗಳ ಬಗ್ಗೆ ಒಂದು ಆದೇಶ ಮಾಡಿ ಹನ್ನೊಂದೇ ದಿನದಲ್ಲಿ ತಿದ್ದಿತಲ್ಲ, ಆಗಿನಿಂದ ಊರೂರಲ್ಲೂ ಜನ ಎರಡು ಪಂಗಡ. ಇಂಥ ಹೊತ್ತಿನಲ್ಲಿ ಒಂದು ಸಾಕುನಾಯಿ ಒಬ್ಬ ಹುಡುಗನನ್ನು ಬೀಳಿಸಿದರೂ ಅದರ ಬೆಲೆ ತೆರುವುದು ಬೀದಿಯ ನಾಯಿಗಳು.

ಕಾನೂನು ಹೇಳಿ ನಿನ್ನನ್ನು ಹೆದರಿಸುವ ಆಸೆ ನನಗಿಲ್ಲ, ಆದರೂ ವಕೀಲರ ಮಗಳು ನೀನು, ತಿಳಿದಿರಲಿ. ಸಾಕಿದ ಪ್ರಾಣಿಯಿಂದ ಮನುಷ್ಯರ ಜೀವಕ್ಕೋ ದೇಹಕ್ಕೋ ಆಗಬಹುದಾದ ಅಪಾಯ ತಡೆಯುವಷ್ಟು ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನು ಆರು ತಿಂಗಳ ತನಕ ಸಜೆ, ಇಲ್ಲ 5000 ರೂಪಾಯಿ ತನಕ ದಂಡ, ಇಲ್ಲ ಎರಡೂ ಎನ್ನುತ್ತದೆ. ಹಳೆಯ ದಂಡಸಂಹಿತೆಯಲ್ಲಿ ಸಾವಿರ ಇತ್ತು, 2024ರ ಜುಲೈನಿಂದ ಐದು ಪಟ್ಟು. ಇದಕ್ಕಿಂತ ನನಗೆ ಇಷ್ಟವಾದದ್ದು 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಸದಾ ಸರಪಳಿಯಲ್ಲಿ ಕಟ್ಟಿಟ್ಟ ನಾಯಿಯನ್ನು ಓಡಾಡಿಸದೆ ಇರುವುದೂ ಅದರ ಪ್ರಕಾರ ಹಿಂಸೆಯೇ. ಬಾಲ್ಕನಿಗೆ ಕಟ್ಟಿ ಕೂಡಿಸಿದರೂ ತಪ್ಪು, ರಸ್ತೆಗೆ ಬಿಟ್ಟರೂ ತಪ್ಪು. ಎರಡರ ನಡುವೆ ಉಳಿದಿರುವುದು ನಿನ್ನ ಕೈಯಲ್ಲಿರುವ ಐದಡಿ ಲೀಷ್, ಮತ್ತೆ ಬೆಳಿಗ್ಗೆ ಬೇಗ ಏಳುವ ನಿನ್ನ ಕಷ್ಟ.

ಭಾನುವಾರ ಕೆಂಪಿಯನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೀಯಲ್ಲ, ಅಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗ ಇದೆ. ಬಿಡುವುದಿದ್ದರೆ ಅಲ್ಲಿ ಬಿಡು. 2022ರಲ್ಲಿ ಆ ಪಾರ್ಕಿಗೆ ಸಾಕುನಾಯಿ ಬರುವುದನ್ನೇ ನಿಲ್ಲಿಸುವ ಮಾತು ಎದ್ದಿತ್ತು. ಹಗ್ಗ ಬಿಚ್ಚಿ ಬಿಡುವವರು, ಹೇಲು ಎತ್ತದೆ ಹೋಗುವವರು ಅಂತ ದೂರು. ನಾಯಿಪ್ರಿಯರು ಗಲಾಟೆ ಮಾಡಿ ಉಳಿಸಿಕೊಂಡರು. ಪಾರ್ಕಿಗೆ ಅಂಟಿಕೊಂಡೇ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಬಾಗಿಲು ತೆರೆದಿರುವ ದಿನ ಕೆಂಪಿಯನ್ನು ಗೆಳತಿಯ ಕೈಗೆ ಕೊಟ್ಟು ಒಳಗೆ ಹೋಗಿ ಒಂದು ಶಾಸನದ ಕಲ್ಲು ನೋಡಿ ಬಾ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಕಲ್ಲು ಅದು, ಕ್ರಿ.ಶ. 949–50ರದ್ದು. ಮಣಲೇರ ಎಂಬ ವೀರ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಅರಸು ಮೆಚ್ಚಿ ಏನು ಬೇಕು ಕೇಳು ಎಂದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ! ಆಮೇಲೆ ಒಂದು ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದು ಬರೆಸಿದರು. ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಮೂತಿಗೆ ಮೂತಿ ಕೊಟ್ಟು ನಿಂತಿವೆ.

ನಾನು ಆ ಕಲ್ಲಿನ ಮುಂದೆ ಅರ್ಧ ಗಂಟೆ ನಿಂತಿದ್ದೇನೆ. ಬೇಟೆ ಬಲ್ಲವರು, ಬಿಡಬೇಕಾದ ಜಾಗದಲ್ಲಿ, ಬಿಡಬೇಕಾದ ಕೆಲಸಕ್ಕೇ ಬಿಟ್ಟಿದ್ದರು. ಆದರೂ ಕಾಳಿ ತಿರುಗಿ ಬರಲಿಲ್ಲ. ಪ್ರೀತಿಯಿದ್ದವನ ನಾಯಿಯೇ ಅದು.

ಇನ್ನು ಕೆಲಸದ ಮಾತು. ನಿನ್ನ ವಿಡಿಯೊದಲ್ಲಿ ಕೆಂಪಿಗೆ ಹಾಕಿರುವ ಕೊರಳ ಬೆಲ್ಟು ಅವಳಿಗಲ್ಲ. ಈ ತಳಿಗೆ ತಲೆ ಸಣ್ಣದು, ಕೊರಳು ದಪ್ಪ. ಹಿಂದಕ್ಕೆ ಜಗ್ಗಿದರೆ ಬಳೆ ಜಾರಿದ ಹಾಗೆ ಜಾರಿ ಕೈಗೆ ಬರುತ್ತದೆ. ಎಳೆದಾಗ ಬಿಗಿಯಾಗುವ ಅಗಲ ಪಟ್ಟಿಯದ್ದು ಸಿಗುತ್ತದೆ, ಇಲ್ಲವೇ ಎದೆಗೆ ಹಾಕುವ ಹಾರ್ನೆಸ್ ತಗೊ. ಗುಂಡಿ ಒತ್ತಿದರೆ ಉದ್ದವಾಗುವ ಆ ಫ್ಯಾಶನ್ ಲೀಷ್ ಬೇಡವೇ ಬೇಡ, ತೆಳು ದಾರ ಕೈ ಕೊಯ್ಯುತ್ತದೆ, ಬೈಕಿಗೆ ಸಿಕ್ಕರೆ ಇಬ್ಬರ ಗತಿಯೂ ಮುಗಿಯಿತು. ಲೀಷಿನ ಕುಣಿಕೆಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡ. ಅಂಗೈಯಲ್ಲಿ ಹಿಡಿ. ಫೋನು ಜೇಬಿನಲ್ಲಿರಲಿ.

ಕರೆದರೆ ಬರುವುದನ್ನು ಕಲಿಸು, ಖಂಡಿತ ಕಲಿಸು. ಹತ್ತು ಮೀಟರ್ ನೂಲಿನ ಹಗ್ಗ ತಂದು ಬೆಲ್ಟಿಗೆ ಕಟ್ಟಿ ನೆಲದ ಮೇಲೆ ಬಿಡು. ‘ಬಾ’ ಅನ್ನುವುದಕ್ಕೆ ಒಂದೇ ಮಾತು ಇಟ್ಟುಕೊ. ಬಂದಾಗಲೆಲ್ಲ ಒಂದು ಚೂರು ಬೇಯಿಸಿದ ಕೋಳಿ. ತಡವಾಗಿ ಬಂದಳೆಂದು ಯಾವತ್ತೂ ಗದರಬೇಡ, ಬಂದದ್ದಕ್ಕೆ ಬೈಗುಳ ತಿಂದ ನಾಯಿ ಮುಂದಿನ ಸಲ ಯೋಚಿಸಿ ಬರುತ್ತದೆ. ನಿನ್ನ ಹತ್ತಿರ ಬಂದ ತಕ್ಷಣ ಪ್ರತಿ ಸಲವೂ ಲೀಷ್ ಹಾಕಿ ಮನೆಗೆ ಎಳೆಯಬೇಡ. ಆಟ ಮುಗಿಸುವ ಕರೆ ಅಂತ ಅವಳಿಗೆ ಗೊತ್ತಾದರೆ ಕಿವುಡಿಯಾಗುತ್ತಾಳೆ. ಮೂಳೆ ಕಡಿಯುತ್ತಿರುವಾಗ ಕರೆ, ಕಿಟಕಿಯಾಚೆ ಪಾರಿವಾಳ ಕೂತಿರುವಾಗ ಕರೆ. ಹತ್ತಕ್ಕೆ ಹತ್ತು ಸಲ ಬಂದರೂ ಬೇಲಿ ಇಲ್ಲದ ಕಡೆ ಲೀಷ್ ಬಿಚ್ಚಬೇಡ. ಈ ಕಲಿಕೆ ಲೀಷ್ ಕೈಜಾರಿದ ದಿನಕ್ಕೆ.

ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು, ಅದರ ಕಾರ್ಡು ಫೋನಿನಲ್ಲಿ ಇರಲಿ. ಯಾರಿಗಾದರೂ ಹಲ್ಲು ತಾಗಿದರೆ, ಗೀರಿದ್ದಾದರೂ ಸರಿ, ಮೊದಲು ಸಾಬೂನು ಹಚ್ಚಿ ನಲ್ಲಿ ಕೆಳಗೆ ಹದಿನೈದು ನಿಮಿಷ ತೊಳೆಸಿ ಆಸ್ಪತ್ರೆಗೆ ನೀನೇ ಕರೆದುಕೊಂಡು ಹೋಗು. ಅರಿಸಿನ, ಸುಣ್ಣ, ಖಾರದಪುಡಿ ಏನೂ ಮೆತ್ತಲು ಬಿಡಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ವೈದ್ಯರ ಕೈಯಲ್ಲಿ ಏನೂ ಇರುವುದಿಲ್ಲ.

ನಾಳೆ ಬೆಳಿಗ್ಗೆ ಅದೇ ಹೊತ್ತಿಗೆ ಪಾರ್ಕಿಗೆ ಹೋಗು, ಕೆಂಪಿಗೆ ಲೀಷ್ ಹಾಕಿಕೊಂಡು. ಆಯಮ್ಮ ಸಿಕ್ಕರೆ ದೂರದಲ್ಲೇ ನಿಂತು, ಕೆಂಪಿಯನ್ನು ಕೂರಿಸಿ, ಅವರ ಹೆಸರು ಕೇಳು. ಕ್ಷಮೆ ಕೇಳುವುದು ಆಮೇಲೆ ತಾನಾಗಿ ಬರುತ್ತದೆ. ನಾಯಿ ಮುಟ್ಟಿ ನೋಡಿ ಅಂತ ಮಾತ್ರ ಒತ್ತಾಯ ಮಾಡಬೇಡ.

ಅವಳು ಓಡಲೇಬೇಕು ಎನ್ನುವ ನಿನ್ನ ಮಾತು ನನಗೂ ಒಪ್ಪಿಗೆ. ಆ ಕಾಲುಗಳನ್ನು ದೇವರು ಲಿಫ್ಟಿನಲ್ಲಿ ನಿಲ್ಲಲು ಕೊಟ್ಟದ್ದಲ್ಲ. ಸಂಕ್ರಾಂತಿಗೆ ತೋಟಕ್ಕೆ ಕರೆದುಕೊಂಡು ಬಾ. ಪಂಪ್‌ಸೆಟ್ ಮನೆಯ ಹಿಂದೆ ಬೇಲಿ ಕಿತ್ತುಹೋಗಿತ್ತು, ನಿನ್ನೆ ಆಳು ಕರೆಸಿ ಆರಡಿ ಜಾಲರಿ ಹೊಡೆಸಿದ್ದೇನೆ. ಬಾವಿಗೂ ಮುಚ್ಚಳ ಆಯಿತು. ಎರಡು ಎಕರೆ ತೆಂಗಿನ ಸಾಲು, ತುದಿಯಿಂದ ತುದಿಗೆ ಅವಳ ಇಷ್ಟ. ಕೋಳಿಗಳನ್ನು ಗೂಡಿನಲ್ಲೇ ಕೂಡಿಹಾಕಲು ನಿಮ್ಮ ದೊಡ್ಡಮ್ಮ ಒಪ್ಪಿದ್ದಾಳೆ. ಒಂದು ದಿನಕ್ಕೆ ಮಾತ್ರವಂತೆ.

ನಿನ್ನ,
ದೊಡ್ಡಪ್ಪ